ಮಂಗಳೂರಿನ ಕೊಳಚೆಗೂ ಹವಳದ ದಿಬ್ಬಗಳಿಗೂ ಏನು ಸಂಬಂಧ?

ಹೊಯ್ಗೆಬಜಾರ್ ನಿವಾಸಿ:
ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದಾಗ ಬಂಡೆಗೆ ಅಂಟಿ ಬೆಳೆದ ಹವಳಗಳನ್ನು ಕಣ್ಣಾರೆ ಕಂಡೆ. ಪಣಂಬೂರಿನಲ್ಲಾಗಲಿ ಉಳ್ಳಾಲದಲ್ಲಾಗಲಿ ಅಂಥವು ಏಕಿಲ್ಲ? ನಮ್ಮ ಕೊಳಚೆಯೇ ಕಾರಣವೇ? ಇಲ್ಲಿ ಹವಳವೇ ಇಲ್ಲವೆಂದಾದರೆ, ಅದನ್ನು ಉಳಿಸಲು ನಾವು ಮಾಡಬೇಕಾದುದಾದರೂ ಏನು?

ಕಡಲಜೀವಿ ಅಭ್ಯಾಸಿ:
ಕೊಳಚೆಗಿಂತ ಮೊದಲು ನದಿಗಳನ್ನು ನೋಡಬೇಕು. ಹವಳವು ಸಣ್ಣ ಪ್ರಾಣಿಗಳ ಸಮೂಹ; ಅವುಗಳ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿಯು ಬಿಸಿಲಿನಿಂದ ತಯಾರಿಸುವ ಆಹಾರವೇ ಅವುಗಳಿಗೆ ಮುಖ್ಯ ಆಧಾರ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿಗಳು ತರುವ ಕೆಂಪು ಮಣ್ಣು ಅಳಿವೆಯಿಂದಾಚೆಗೂ ಹರಡಿ ಬೆಳಕನ್ನು ತಡೆಯುತ್ತದೆ. ಮರಿಹವಳಗಳು ಅಂಟಿಕೊಳ್ಳಲು ಬೇಕಾದ ಗಟ್ಟಿ ನೆಲವೂ ನಮ್ಮ ಮರಳಿನ ತೀರದಲ್ಲಿ ವಿರಳ. ನೇತ್ರಾಣಿಯು ದಡದಿಂದ ಸುಮಾರು 19 ಕಿ.ಮೀ. ದೂರದ ಬಂಡೆಯ ದ್ವೀಪವಾದ್ದರಿಂದ ಅಲ್ಲಿ ನೀರು ತಿಳಿಯಾಗಿದೆ.

ಹಾಗೆಂದು ಕೊಳಚೆ ನಿರಪರಾಧಿಯೇನಲ್ಲ. ಅದರಲ್ಲಿರುವ ಸಾರಜನಕ, ರಂಜಕಗಳಿಂದ ಕೊಬ್ಬಿದ ಕಡಲಪಾಚಿಯು ಹವಳವನ್ನು ಮುಚ್ಚಿ ಉಸಿರುಗಟ್ಟಿಸುತ್ತದೆ, ಆ ಪಾಚಿಯನ್ನು ಮೇಯುವ ಗಿಳಿಮೀನುಗಳನ್ನೂ ಹಿಡಿದು ಮುಗಿಸಿದರಂತೂ ತಡೆಯೇ ಇರುವುದಿಲ್ಲ. ಕಡಲ ತಳದ ಶೇ. 1ಕ್ಕೂ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳನ್ನು ಸುಮಾರು ಕಾಲು ಭಾಗದಷ್ಟು ಕಡಲಜೀವಿ ಪ್ರಭೇದಗಳು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಆಶ್ರಯಿಸುತ್ತವೆ.

ಮಲ್ಪೆಯ ಮೀನುಗಾರ:
ಬಲೆಯ ವಿಷಯವನ್ನು ತಾವು ಬಿಟ್ಟಿರಿ. ಕಲ್ಲಿಗೆ ಸಿಕ್ಕಿದ ಬಲೆಯನ್ನು ಕತ್ತರಿಸಿ ಅಲ್ಲೇ ಬಿಟ್ಟುಬರುವುದುಂಟು. ನೈಲಾನ್ ಕೊಳೆಯುವುದಿಲ್ಲ, ಅಲೆ ಬಂದಾಗಲೆಲ್ಲ ಹವಳವನ್ನು ಉಜ್ಜಿ ಮುರಿಯುತ್ತಲೇ ಇರುತ್ತದೆ. ಹರಿದ ಬಲೆಯನ್ನು ದಡಕ್ಕೆ ತಂದವರಿಗೆ ಬಂದರಿನಲ್ಲಿ ಒಂದಿಷ್ಟು ಬೆಲೆ ಸಿಗುವಂತಾದರೆ, ಉಪದೇಶಕ್ಕಿಂತ ಅದು ಹೆಚ್ಚು ಕೆಲಸ ಮಾಡೀತು.

ಬಂದರು ವರ್ತಕ:
ನಮ್ಮ ಹಳೆ ಬಂದರಿನಿಂದ ಮಂಜಿಗಳಲ್ಲಿ (ಸರಕು ಸಾಗಿಸುವ ಮರದ ಹಡಗುಗಳಲ್ಲಿ) ಜಲ್ಲಿ, ಮರಳು, ತರಕಾರಿ, ದಿನಸಿ ಲಕ್ಷದ್ವೀಪಕ್ಕೆ ಹೋಗುತ್ತವೆ. ಆ ದ್ವೀಪಗಳು ನಿಂತಿರುವುದೇ ಹವಳದ ಮೇಲೆ. ಸರಕಿನೊಂದಿಗೆ ಹೋದ ಪ್ಲಾಸ್ಟಿಕ್ಕನ್ನು ಹೂಳಲು ಅಲ್ಲಿ ನೆಲವಿಲ್ಲ, ಹೂತರೆ ನೆಲದಡಿಯ ತೆಳುವಾದ ಸಿಹಿನೀರಿನ ಪದರಕ್ಕೇ ಕುತ್ತು. ಮೂಟೆ ಕಟ್ಟುವಾಗಲೇ ಗೋಣಿಚೀಲ ಬಳಸಬಹುದು. ಮರಳುವ ಹಡಗಿನಲ್ಲಿ ತ್ಯಾಜ್ಯವನ್ನು ಹಿಂದಕ್ಕೆ ತರಲೂಬಹುದು.

ಹೊಯ್ಗೆಬಜಾರ್ ನಿವಾಸಿ:
ಕಡಲು ಬಿಸಿಯಾಗಿ 1998ರಲ್ಲಿ ಲಕ್ಷದ್ವೀಪದ ಹವಳ ಅಪಾರವಾಗಿ ಸತ್ತಿತೆಂದು ಓದಿದ್ದೇನೆ. ಬಿಸಿಯೇ ಕೊಲ್ಲುವುದಾದರೆ ಗೋಣಿಚೀಲದಿಂದ ಆಗುವುದೇನು?

ಕಡಲಜೀವಿ ಅಭ್ಯಾಸಿ:
ಬಿಸಿಗೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಆದರೆ ಕೂಡಲೇ ಸಾಯುವುದಿಲ್ಲ. ಆ ಕೆಲವು ವಾರಗಳಲ್ಲಿ ನೀರು ತಣಿದರೆ, ಜೊತೆಗೆ ಕೊಳಚೆಯ ಕಾಟವೂ ಇಲ್ಲದಿದ್ದರೆ, ಪಾಚಿ ಮರಳಿ ನೆಲೆಸುವ ಸಾಧ್ಯತೆ ಹೆಚ್ಚು. ಕಡಲ ಬಿಸಿಯನ್ನು ಮಂಗಳೂರೊಂದೇ ಇಳಿಸಲಾರದು. ಕೊಳಚೆಯನ್ನು ಶುದ್ಧೀಕರಿಸದೆ ಹೊಳೆಗೆ ಬಿಡುವುದನ್ನು ನಿಲ್ಲಿಸಬಲ್ಲದು.