ಸಹಾಯ ಬೇಕು: ಪತ್ತೇದಾರಿ ಕಾದಂಬರಿಯ ಎರಡನೆಯ ಭಾಗದ ಕರಡು ಓದುವವರು

ನಮಸ್ಕಾರ. ಮೈಸೂರಿನಲ್ಲಿ ನಡೆಯುವ ತುಂಟ, ಶೃಂಗಾರಮಯ ಪತ್ತೇದಾರಿ ಕಾದಂಬರಿಯೊಂದನ್ನು ಮುಗಿಸಿ, ಈಗ ಎರಡನೆಯ ಭಾಗ ಬರೆಯುತ್ತಿದ್ದೇನೆ. ಪತ್ತೇದಾರನೂ ಅವನು ಬೆನ್ನುಹತ್ತಿದ ಶಂಕಿತನೂ ಒಬ್ಬರನ್ನೊಬ್ಬರು ಮೋಹಿಸುವ ಗಂಡಸರು. ಇಬ್ಬರೂ ಮೂವತ್ತು ದಾಟಿದವರು.

ಮೊದಲ ಕಥೆ 2017ರದು. ಸಲಿಂಗ ಸಂಬಂಧವನ್ನು ಆಗ ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೆಯ ಕಲಮಿನ ಭಯವನ್ನೇ ಹಿಡಿದು ಒಬ್ಬ ಹಣ ಕೀಳುತ್ತಿರುತ್ತಾನೆ. ಎರಡನೆಯದು 2018ರ ದಸರೆಯಲ್ಲಿ, ಅಂದರೆ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ. ಕಾನೂನಿನ ಭಯ ಹೋಯಿತು, ಅಮ್ಮನಿಗೆ ತಿಳಿದೀತೆಂಬ ಭಯ ಉಳಿಯಿತು. ಅದನ್ನು ಸರಿಯಾಗಿ ಹಿಡಿದಿದ್ದೇನೆಯೇ ಎಂದು ಬದುಕಿ ಬಲ್ಲವರೇ ಹೇಳಬೇಕು.

ಇನ್ನೊಂದು ತೊಡಕು ಭಾಷೆಯದು. ಅರಮನೆಯ ದೀಪಗಳು ಆರಿದ ಕೂಡಲೇ ಒಬ್ಬನ ಬೆರಳು ಇನ್ನೊಬ್ಬನ ಅಂಗಿಯ ಎರಡನೆಯ ಗುಂಡಿ ಬಿಚ್ಚುತ್ತದೆ; ಬೆವರಿದ ಎದೆಯ ಮೇಲೆ, ಕರಿದಾರದಲ್ಲಿ, ಕಳುವಾದ ಉಂಗುರ! ಈ ಪುಟವನ್ನು ಏಳು ಸಲ ತಿದ್ದಿದ್ದೇನೆ. ಸಂಸ್ಕೃತ ಪದ ಹಾಕಿದರೆ ಕಾವ್ಯದ ನಾಯಿಕೆಯ ವರ್ಣನೆಯಾಗುತ್ತದೆ, ಬೀದಿಯ ಪದ ಹಾಕಿದರೆ ಬೈಗುಳವಾಗುತ್ತದೆ. ಗಂಡಿನ ಮೈಯನ್ನು ಗಂಡೊಬ್ಬ ಅಕ್ಕರೆಯಿಂದ ಹೆಸರಿಸುವ ಕನ್ನಡ ನನಗೆ ಬೇಕು.

ಕರಡು ಓದಲು ಇಬ್ಬರು ಮೂವರು, ವಯಸ್ಕರು ಮಾತ್ರ, ದಯವಿಟ್ಟು ಖಾಸಗಿಯಾಗಿ ಸಂದೇಶ ಕಳುಹಿಸಿ. ಸಲಿಂಗಿ ಓದುಗರಿದ್ದರೆ ಬಹಳ ಸಂತೋಷ. ನಿಮ್ಮ ಹೆಸರು ನನ್ನಲ್ಲೇ ಉಳಿಯುತ್ತದೆ.