ಆಟದ ಕಾಡಿನಲ್ಲಿ ತೋಳದ ಹಿಂಡು ಸುತ್ತುವರಿದಾಗ: ಪ್ರಶ್ನೋತ್ತರ

ಪ್ರಶ್ನೆ (ಉಡುಪಿ ಕಿನ್ನಿಮುಲ್ಕಿಯ ವಿದ್ಯಾರ್ಥಿ):

ನಮಸ್ಕಾರ ಸರ್. ಹಿಮದ ಕಾಡಿನಲ್ಲಿ ಬದುಕುಳಿಯಬೇಕಾದ ‘ದಿ ಲಾಂಗ್ ಡಾರ್ಕ್’ ಎಂಬ ವಿಡಿಯೋ ಗೇಮ್‌ನ ಸರ್ವೈವಲ್ ವಿಭಾಗದಲ್ಲಿ 62 ದಿನ ಬದುಕಿದ್ದವನು ಮೊನ್ನೆ ಶನಿವಾರ ರಾತ್ರಿ ಬ್ಲೀಕ್ ಇನ್‌ಲೆಟ್ ಪ್ರದೇಶದಲ್ಲಿ ಹಿಂಡಾಗಿ ಬೇಟೆಯಾಡುವ ಟಿಂಬರ್‌ವುಲ್ಫ್ ತೋಳಗಳಿಗೆ ಸಿಕ್ಕಿ ಸತ್ತೆ. ಆಗಷ್ಟೇ ಒಂದು ಜಿಂಕೆ ಕೊಯ್ದು ಮಾಂಸವನ್ನೆಲ್ಲ ಹೊತ್ತಿದ್ದರಿಂದ ಬೆನ್ನ ಮೇಲೆ 38 ಕಿಲೋ ಇತ್ತು. ಊಳಿಡುವ ಸದ್ದು ಕೇಳಿದ ತಕ್ಷಣ ಅಲ್ಲಿನ ಮೀನು ಕಾರ್ಖಾನೆಯ ಕಡೆಗೆ ಓಡಿದೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಒಂದು ಕಚ್ಚಿತು. ತಿರುಗಿ ರೈಫಲ್‌ನಿಂದ ಮೂರು ಈಡು ಹೊಡೆದೆ. ಒಂದು ಬಿತ್ತು, ಉಳಿದವು ಬಿಡಲಿಲ್ಲ. ಕೊನೆಗೆ ಟಾರ್ಚ್ ಹಚ್ಚಿದರೆ ಅದು ಗಾಳಿಗೆ ಆರಿಹೋಯಿತು. ಸತ್ತರೆ ಉಳಿಸಿಟ್ಟ ಆಟವೇ ಅಳಿಸಿಹೋಗುವ ವಿಭಾಗವಿದು ಎಂಬುದು ತಮಗೆ ಗೊತ್ತಿದೆ. ಒಂಟಿ ತೋಳಗಳನ್ನು ನಾನು ಚೆನ್ನಾಗಿಯೇ ನಿಭಾಯಿಸುತ್ತೇನೆ. ಹಿಂಡನ್ನು ನಿಭಾಯಿಸುವುದು ಹೇಗೆಂದು ದಯವಿಟ್ಟು ವಿವರಿಸುವಿರಾ?

ಉತ್ತರ:

ಮೊದಲಿಗೆ ನನ್ನ ಮಿತಿಯನ್ನು ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಕುಳಿತು ವಿಡಿಯೋ ಗೇಮ್‌ಗಳ ಪ್ರಾಣಿಗಳಿಗೆ ನಡವಳಿಕೆ ಬರೆಯುವುದು ನನ್ನ ಹೊಟ್ಟೆಪಾಡು. ಆದರೆ ಈ ಆಟವನ್ನು ತಯಾರಿಸಿದ್ದು ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೊ, ಅದರ ಕೋಡನ್ನು ನಾನು ಕಂಡವನಲ್ಲ. ಆಟವನ್ನು ಆಡಿದವನಾಗಿ, ಇಂಥದ್ದನ್ನೇ ದಿನವೂ ಬರೆಯುವವನಾಗಿ ಉತ್ತರಿಸುತ್ತಿದ್ದೇನೆ.

ನಿಮ್ಮ ಬರಹದಲ್ಲೇ ನಿಮ್ಮ ಸಾವಿನ ಕಾರಣವಿದೆ. ಒಂಟಿ ತೋಳಗಳನ್ನು ಚೆನ್ನಾಗಿ ನಿಭಾಯಿಸುತ್ತೇನೆ ಎಂದಿರಿ. ಹಿಂಡನ್ನೂ ಹಲವು ಒಂಟಿ ತೋಳಗಳೆಂದೇ ಎಣಿಸಿ ಹೋರಾಡಿದಿರಿ. ಸಾಮಾನ್ಯ ತೋಳ ಈ ಆಟದಲ್ಲಿ ಬಹಳ ಹಿಂದಿನಿಂದಲೂ ಇದೆ. ಅದು ಮೈಮೇಲೆ ಬಿದ್ದರೆ ಕೈಯಲ್ಲಿ ಚಾಕುವೋ ಕೊಡಲಿಯೋ ಹಿಡಿದು ಸೆಣಸಾಡಬೇಕು. ಅಲ್ಲಿ ಲೆಕ್ಕ ಅದರ ದೇಹದ್ದು. ಟಿಂಬರ್‌ವುಲ್ಫ್ ಬಂದದ್ದು 2019ರ ಅಕ್ಟೋಬರಿನಲ್ಲಿ, ಕಥಾ ವಿಭಾಗದ ಮೂರನೆಯ ಕಂತಿನ ಜೊತೆಗೆ; ಅದೇ ಡಿಸೆಂಬರಿನಲ್ಲಿ ಬ್ಲೀಕ್ ಇನ್‌ಲೆಟ್ ಪ್ರದೇಶದೊಂದಿಗೆ ಸರ್ವೈವಲ್ ವಿಭಾಗಕ್ಕೂ ಕಾಲಿಟ್ಟಿತು. ಹಿಂಡು ನಿಮ್ಮನ್ನು ಹಿಡಿದುಕೊಂಡಾಗ ಪರದೆಯ ಮೇಲೆ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದಲ್ಲ, ಅದು ಯಾವ ಒಂದು ತೋಳದ ಪ್ರಾಣವನ್ನೂ ತೋರಿಸುವುದಿಲ್ಲ. ಅದು ಇಡೀ ಹಿಂಡಿನ ಧೈರ್ಯದ ಅಳತೆ. ಅದು ಬರಿದಾದ ಕ್ಷಣದಲ್ಲಿ ಒಂದೂ ಸಾಯದಿದ್ದರೂ ಎಲ್ಲವೂ ಒಟ್ಟಿಗೆ ಓಡಿಹೋಗುತ್ತವೆ. ನೀವು ಕೊಲ್ಲಲು ಹೋದಿರಿ, ಹೆದರಿಸಿದ್ದರೆ ಸಾಕಿತ್ತು.

ಧೈರ್ಯ ಕುಗ್ಗಿಸುವುದು ಬೆಂಕಿ, ಫ್ಲೇರ್ (ಪ್ರಖರವಾಗಿ ಉರಿಯುವ ಸಂಕೇತದ ಕೋಲು) ಮತ್ತು ಕೋವಿಯ ಈಡು. ಒಂದು ತೋಳ ಸತ್ತರೂ ಕುಗ್ಗುತ್ತದೆ, ನಿಜ. ಆದರೆ ಓಡುತ್ತಿರುವ ತೋಳಕ್ಕೆ ಗುರಿ ಹಿಡಿಯಲು ನೀವು ನಿಂತಿರುವ ಆ ಮೂರು ನಾಲ್ಕು ಸೆಕೆಂಡುಗಳಲ್ಲಿ ನಿಮ್ಮ ಬೆನ್ನು ಮಿಕ್ಕವುಗಳಿಗೆ ತೆರೆದಿರುತ್ತದೆ. ಬೆಂಕಿಗೆ ಗುರಿಯ ಗೊಡವೆಯಿಲ್ಲ.

ಇಲ್ಲಿ ಪದದ ಗೊಂದಲವೊಂದನ್ನು ಬಿಡಿಸಬೇಕು. ನಮ್ಮ ಕಡೆ ಟಾರ್ಚ್ ಎಂದರೆ ಬ್ಯಾಟರಿಯದ್ದು. ಆಟದಲ್ಲಿ ಟಾರ್ಚ್ ಎಂದರೆ ಸೂಟೆ, ಉರಿಯುವ ಕೊಳ್ಳಿ. ಬ್ಯಾಟರಿಯದ್ದು ಫ್ಲ್ಯಾಶ್‌ಲೈಟ್, ಅದು ಆಕಾಶದಲ್ಲಿ ಅರೋರಾ (ಧ್ರುವಪ್ರಭೆ) ಮೂಡಿದ ರಾತ್ರಿ ಮಾತ್ರ ಬೆಳಗುತ್ತದೆ. ಅಜ್ಜನ ಕಾಲದಲ್ಲಿ ಯಕ್ಷಗಾನ ನೋಡಿ ರಾತ್ರಿ ತಿರುಗಿ ಬರುವವರು ತೆಂಗಿನ ಒಣ ಗರಿಯ ಸೂಟೆಯನ್ನು ಬೀಸುತ್ತ ಬರುತ್ತಿದ್ದರು, ಬೀಸಿದಷ್ಟೂ ಅದು ಉರಿಯುತ್ತಿತ್ತು. ಆಟದ ಸೂಟೆ ಇದಕ್ಕೆ ತದ್ವಿರುದ್ಧ. ಗಾಳಿ ಬಿರುಸಾದರೆ ಆರುತ್ತದೆ. ಹೆಪ್ಪುಗಟ್ಟಿದ ಬಯಲಿನ ನಡುವೆ ನೀವು ಅದನ್ನು ಹಚ್ಚಿದ್ದು ವ್ಯರ್ಥವಾದದ್ದು ಅದಕ್ಕೇ. ಗಾಳಿಯ ದಿನ ಹಿಂಡಿನ ಸೀಮೆಗೆ ಹೋಗಲೇಬೇಕೆಂದರೆ ಕೈಯಲ್ಲಿ ಫ್ಲೇರ್ ಇರಲಿ, ಇಲ್ಲದಿದ್ದರೆ ಅಂದು ಹೋಗಬೇಡಿ.

ಇನ್ನು ಓಟದ ವಿಷಯ. ಹಿಂಡು ಸುತ್ತುವರಿಯುವುದನ್ನು ನೋಡಿದರೆ ಯಾರೋ ಒಬ್ಬ ಸೇನಾಪತಿ ಅವುಗಳಿಗೆ ಆಜ್ಞೆ ಕೊಡುತ್ತಿರುವಂತೆ ಅನಿಸುತ್ತದೆ. ಹಾಗೇನೂ ಇರಬೇಕಾಗಿಲ್ಲ. ನಾಯಿಗಳ ನಡವಳಿಕೆಯ ಸಂಶೋಧಕ ರೇಮಂಡ್ ಕಾಪಿಂಜರ್ ಅವರೂ ಇದ್ದ ತಂಡವೊಂದು 2011ರಲ್ಲಿ ಕಂಪ್ಯೂಟರಿನಲ್ಲಿ ತೋಳದ ಬೇಟೆಯನ್ನು ಅನುಕರಿಸಿ ನೋಡಿತು. ಪ್ರತಿ ತೋಳಕ್ಕೆ ಎರಡೇ ನಿಯಮ: ಅಪಾಯವಿಲ್ಲದಷ್ಟು ದೂರದವರೆಗೆ ಬೇಟೆಯ ಹತ್ತಿರ ಹೋಗು, ಅಲ್ಲಿಗೆ ತಲುಪಿದ ಮೇಲೆ ಜೊತೆಯ ತೋಳಗಳಿಂದ ದೂರ ಸರಿ. ಇಷ್ಟರಿಂದಲೇ ಬೇಟೆಯ ಸುತ್ತ ವರ್ತುಲ ತಾನಾಗಿ ಏರ್ಪಟ್ಟಿತು, ನಾಯಕನೂ ಬೇಕಾಗಲಿಲ್ಲ, ಪರಸ್ಪರ ಸಂದೇಶವೂ ಬೇಕಾಗಲಿಲ್ಲ. ನಮ್ಮ ವೃತ್ತಿಯವರಿಗೆ ಇದು ಅಚ್ಚರಿಯೇನಲ್ಲ. ಹಕ್ಕಿಗಳ ಹಿಂಡು ಮೂರು ಸಣ್ಣ ನಿಯಮಗಳಿಂದ ಹಾರುವುದನ್ನು ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಕ್ರೇಗ್ ರೆನಾಲ್ಡ್ಸ್ 1987ರಲ್ಲೇ ಪರದೆಯ ಮೇಲೆ ತೋರಿಸಿದ್ದರು.

ಆಟಗಾರನಿಗೆ ಇದರಿಂದ ಏನು ಪ್ರಯೋಜನವೆಂದರೆ, ವರ್ತುಲಕ್ಕೆ ಜಾಗ ಬೇಕು. ಬಯಲಿನಲ್ಲಿ ನೀವು ಎಲ್ಲಿಗೆ ಓಡಿದರೂ ಅದು ನಿಮ್ಮ ಜೊತೆಗೇ ಓಡುತ್ತದೆ ಮತ್ತು ಅದರ ಒಂದು ಪಾಲು ಯಾವಾಗಲೂ ನಿಮ್ಮ ಬೆನ್ನ ಹಿಂದೆಯೇ ಇರುತ್ತದೆ. ಕಡಿದಾದ ಬಂಡೆಗೆ ಬೆನ್ನು ಕೊಟ್ಟು ನಿಂತರೆ ವರ್ತುಲ ಅರ್ಧಕ್ಕೆ ಇಳಿದು, ಬರುವುದೆಲ್ಲವೂ ಕಣ್ಣ ಮುಂದೆಯೇ ಬರುತ್ತದೆ. ಅದೇ ಬಂಡೆ ಗಾಳಿಯನ್ನೂ ತಡೆದರೆ ಅಲ್ಲಿ ಹಾಕಿದ ಬೆಂಕಿ ಆರುವುದಿಲ್ಲ.

ನನ್ನದೇ ಒಂದು ಮುಗ್ಗರಿಕೆ ಹೇಳುತ್ತೇನೆ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಐದು ಕಾಡುನಾಯಿಗಳ ಹಿಂಡೊಂದನ್ನು ಬರೆದಿದ್ದೆ. ಬೇಟೆ ಕಂಡೊಡನೆ ಐದೂ ಒಮ್ಮೆಗೇ ಎರಗುತ್ತಿದ್ದವು. ಪರೀಕ್ಷಿಸಲು ಕೂತ ಹುಡುಗಿ ಎರಡು ಸೆಕೆಂಡಿನಲ್ಲಿ ಸತ್ತು, ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟು, ‘ಇದು ಆಟವಾ, ಅಪಘಾತವಾ?’ ಎಂದು ಕೇಳಿದಳು. ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಕಚ್ಚುವ ಸರದಿಗೆ ಒಂದು ಟೋಕನ್. ಅದು ಯಾವ ನಾಯಿಯ ಬಳಿ ಇದೆಯೋ ಅದು ಎರಗುತ್ತದೆ, ಉಳಿದವು ಸುತ್ತುತ್ತ ಗುರುಗುಟ್ಟುತ್ತವೆ. ಬಹುಪಾಲು ಆಟಗಳಲ್ಲಿ ಹಿಂಡು ನ್ಯಾಯವಾಗಿ ಸರದಿ ಕಾಯುವಂತೆ ಕಾಣುವುದು ಇಂಥ ಏರ್ಪಾಡಿನಿಂದ. ಟಿಂಬರ್‌ವುಲ್ಫ್‌ಗಳ ಒಳಗೆ ಇರುವುದು ಇದೇ ಎಂದು ನಾನು ಹೇಳುತ್ತಿಲ್ಲ. ಆದರೆ ಅವೂ ಒಂದು ಬಂದು ಕಚ್ಚಿ ಹಿಂದೆ ಸರಿಯುವಾಗ ಮತ್ತೊಂದು ಮುಂದಾಗುವ ಲಯದಲ್ಲೇ ನಡೆಯುತ್ತವೆ. ಆ ಎರಡರ ನಡುವಿನ ಬಿಡುವೇ ನಿಮ್ಮ ಪಾಲಿನ ಸಮಯ. ಫ್ಲೇರ್ ಎಸೆಯುವುದು, ಕೋವಿಗೆ ಗುಂಡು ತುಂಬುವುದು, ಬಂಡೆಯ ಕಡೆಗೆ ನಾಲ್ಕು ಹೆಜ್ಜೆ ಸರಿಯುವುದು ಎಲ್ಲವೂ ಅಷ್ಟರಲ್ಲೇ ಆಗಬೇಕು.

ಉಳಿದದ್ದು 38 ಕಿಲೋದ ಮಾತು. ಆಟ ನಿಮಗೆ ಕೊಟ್ಟಿರುವ ಮಿತಿ 30. ಅದನ್ನು ಮೀರಿದ ಪ್ರತಿ ಕಿಲೋ ನಿಮ್ಮ ನಡಿಗೆಯನ್ನೇ ನಿಧಾನಿಸುತ್ತದೆ, ಓಟವಂತೂ ಕೇಳಲೇಬೇಡಿ. ಅಷ್ಟೇ ಅಲ್ಲ, ಹಸಿ ಮಾಂಸ ಮತ್ತು ಕರುಳು ಹೊತ್ತವನ ವಾಸನೆ ದೂರದವರೆಗೆ ಹೋಗುತ್ತದೆ. ಪರದೆಯ ಮೇಲಿನ ವಾಸನೆಯ ಗುರುತು ಮೂರಕ್ಕೇರಿದ್ದರೆ ಮಲ್ಪೆ ಬಂದರಿನಲ್ಲಿ ಬೂತಾಯಿ ಮೀನಿನ ಬುಟ್ಟಿ ಹೊತ್ತು ನಾಯಿಗಳ ನಡುವೆ ನಡೆದಂತೆಯೇ ಸರಿ. ಮಾಂಸವನ್ನು ಕೊಯ್ದ ಜಾಗದಲ್ಲೇ ಹಿಮದ ಮೇಲೆ ಬಿಟ್ಟು ಎರಡು ಸಲ ಓಡಾಡುವುದು ಬೇಸರದ ಕೆಲಸ. ಆದರೂ 62 ದಿನಗಳಿಗಿಂತ ಅದು ಅಗ್ಗ.

ಪ್ರಶ್ನೆ (ಸುರತ್ಕಲ್‌ನ ಓದುಗರು):

ಸರ್, ಇಂಟರ್‌ಲೋಪರ್ ಎಂಬ ಬಲು ಕಠಿಣ ಮಟ್ಟದಲ್ಲಿ ಆಡುವವರಿಗೆ ಕೋವಿಯೇ ಸಿಗುವುದಿಲ್ಲ. ನಮ್ಮಂಥವರು ಏನು ಮಾಡಬೇಕು?

ಉತ್ತರ:

ಆ ಮಟ್ಟದಲ್ಲಿ ಬಿಲ್ಲು ಬಾಣವಿದೆ, ಆದರೆ ಹಿಂಡಿನೆದುರು ಅದನ್ನು ನಂಬಬೇಡಿ. ಹೆದೆ ಎಳೆದು ಗುರಿ ಹಿಡಿಯುವಷ್ಟು ವ್ಯವಧಾನ ಸಿಗುವುದಿಲ್ಲ. ನಿಮ್ಮ ಆಯುಧ ಶಿಬಿರಾಗ್ನಿ. ಅದು ಉರಿಯುತ್ತಿರುವಾಗ ಅದರಿಂದ ಸೂಟೆಗಳನ್ನು ಎಳೆದುಕೊಳ್ಳಬಹುದು, ಕಡ್ಡಿ ಖರ್ಚಾಗುವುದಿಲ್ಲ. ಒಂದನ್ನು ಕೈಯಲ್ಲಿ ಹಿಡಿಯಿರಿ, ಹತ್ತಿರ ಬಂದದ್ದರ ಮೇಲೆ ಎಸೆಯಿರಿ, ಬಾಗಿ ಇನ್ನೊಂದನ್ನು ಎಳೆಯಿರಿ. ಕಟೀಲಿನ ಜಾತ್ರೆಯಲ್ಲಿ ಉರಿಯುವ ಸೂಟೆಗಳನ್ನು ಪರಸ್ಪರ ಎಸೆದಾಡುವ ತೂಟೆದಾರ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಬೆಂಕಿ ಹಚ್ಚಲು ಹೊತ್ತು ಹಿಡಿಯುತ್ತದೆ. ಕಚ್ಚಿಸಿಕೊಂಡ ಮೇಲೆ ಹಚ್ಚುತ್ತೇನೆ ಎಂದರೆ ಆಗುವುದಿಲ್ಲ. ಮೊದಲ ಊಳು ದೂರದಲ್ಲಿ ಕೇಳಿದಾಗಲೇ ಕಟ್ಟಿಗೆ ಕೆಳಗಿಡಬೇಕು. ಆಕ್ಸೆಲರೆಂಟ್ ಡಬ್ಬಿಯೊಂದನ್ನು ಇದಕ್ಕೆಂದೇ ಮೀಸಲಿಡಿ, ಅದನ್ನು ಸುರಿದರೆ ಬೇಗ ಹತ್ತುತ್ತದೆ. ಹತ್ತಿರದಲ್ಲಿ ಹಾಳುಬಿದ್ದ ಕಾರು ಇದ್ದರೆ ಇಷ್ಟೆಲ್ಲ ಬೇಡವೇ ಬೇಡ, ಒಳಗೆ ಕುಳಿತು ಬಾಗಿಲು ಹಾಕಿಕೊಳ್ಳಿ. ಹಗ್ಗ ಹತ್ತುವ ಬಂಡೆಯಿದ್ದರೂ ಆದೀತು, ತೋಳ ಹಗ್ಗ ಹತ್ತುವುದಿಲ್ಲ.

ಪ್ರಶ್ನೆ (ಕಾರ್ಕಳದ ಓದುಗರು):

ನಾವು ಕೆಲವರು ಕುದುರೆಮುಖಕ್ಕೆ ಚಾರಣ ಹೋಗುವವರಿದ್ದೇವೆ. ಅಲ್ಲಿ ಸೀಳುನಾಯಿಗಳ ಹಿಂಡು ಇದೆಯೆಂದು ಕೇಳಿದ್ದೇವೆ. ಈ ಉಪಾಯಗಳು ಅಲ್ಲಿಯೂ ನಡೆಯುತ್ತವೆಯೇ?

ಉತ್ತರ:

ದಯವಿಟ್ಟು ರಾಷ್ಟ್ರೀಯ ಉದ್ಯಾನದೊಳಗೆ ಬೆಂಕಿ ಹಚ್ಚಬೇಡಿ. ಹುಲ್ಲುಗಾವಲು ಹತ್ತಿಕೊಂಡರೆ ಗತಿಯೇನು? ನಿಜವಾದ ತೋಳಗಳು ಹೀಗೆ ಮನುಷ್ಯರ ಬೆನ್ನು ಹತ್ತುವುದಿಲ್ಲವೆಂದು ಆಟ ಮಾಡಿದವರೇ ಒಪ್ಪಿಕೊಂಡಿದ್ದಾರೆ, ಆಟದ ಸಲುವಾಗಿ ಬೇಕೆಂದೇ ಹಾಗೆ ಮಾಡಿದ್ದಾರೆ. ಸೀಳುನಾಯಿಯೂ ಅಷ್ಟೇ. ಕಡವೆಯಂಥ ದೊಡ್ಡ ಪ್ರಾಣಿಯನ್ನು ಹಿಂಡಾಗಿ ಕೆಡವುವ ಅದು ಮನುಷ್ಯರನ್ನು ಕಂಡರೆ ಸರಿದುಹೋಗುತ್ತದೆ; ಅದನ್ನು ನೋಡಿದ್ದೀರೆಂದರೆ ನಿಮ್ಮ ಪುಣ್ಯ. ಒಂದೇ ಒಂದು ಸಂಗತಿ ಆಟದಿಂದ ಬೀದಿಗೆ ಬರುತ್ತದೆ, ಅದು ಕಾಡಿನದ್ದಲ್ಲ, ಬೀದಿನಾಯಿಗಳದ್ದು: ಹಿಂಡಿನೆದುರು ಬೆನ್ನು ತಿರುಗಿಸಿ ಓಡಬಾರದು. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಇದಕ್ಕಿಂತ ಹೆಚ್ಚಿನದನ್ನು ಅರಣ್ಯ ಇಲಾಖೆಯವರಲ್ಲಿ ಕೇಳಿ, ನಾನು ಪರದೆಯ ನಾಯಿಗಳವನು.

ಮತ್ತೆ ಪ್ರಶ್ನೆ (ಕಿನ್ನಿಮುಲ್ಕಿಯ ವಿದ್ಯಾರ್ಥಿ):

ಸರ್, ಹೊಸ ಆಟ ಶುರುಮಾಡಿ ನಿನ್ನೆ ಅದೇ ಕಾರ್ಖಾನೆಯ ಬಳಿಗೆ ಹೋದೆ. ಬಂಡೆಗೆ ಬೆನ್ನು ಕೊಟ್ಟು ಎರಡು ಫ್ಲೇರ್ ಎಸೆದು ಒಂದು ಈಡು ಹೊಡೆದಾಗ ಪಟ್ಟಿ ಬರಿದಾಗಿ ಹಿಂಡು ಓಡಿತು. ಸಂತೋಷದಲ್ಲಿ ಕಾರ್ಖಾನೆಯೊಳಗೆ ಹೋಗಿ ಮಲಗಿದೆ. ಎದ್ದಾಗ ಸೋಂಕು ತಗಲಿತ್ತು. ಕಚ್ಚಿದ್ದು ಒಂದೇ ಸಲ, ಅದಕ್ಕೂ ಕೂಡಲೇ ಬ್ಯಾಂಡೇಜ್ ಕಟ್ಟಿದ್ದೆ.

ಉತ್ತರ:

ಬ್ಯಾಂಡೇಜ್ ನಿಲ್ಲಿಸುವುದು ರಕ್ತವನ್ನು ಮಾತ್ರ. ಸೋಂಕಿನ ಅಪಾಯ ಬೇರೆಯದೇ ಲೆಕ್ಕ. ಅದಕ್ಕೆ ಆ್ಯಂಟಿಸೆಪ್ಟಿಕ್ ಹಚ್ಚಬೇಕು, ಅದು ಇಲ್ಲದಿದ್ದರೆ ಮರದ ಕೊಂಬೆಗಳಿಂದ ಗಡ್ಡದಂತೆ ಜೋತುಬಿದ್ದಿರುವ ಓಲ್ಡ್ ಮ್ಯಾನ್ಸ್ ಬಿಯರ್ಡ್ ಕಿತ್ತು ಪಟ್ಟಿ ಮಾಡಿ ಕಟ್ಟಬೇಕು. ನಮ್ಮ ಮಸಾಲೆಯ ಕಲ್ಲುಹೂವಿನ ಹಾಗೆ ಅದೂ ಒಂದು ಶಿಲಾವಲ್ಕ. ಈಗ ಸೋಂಕು ತಗಲಿಯೇಬಿಟ್ಟಿರುವುದರಿಂದ ಅದು ಸಾಲದು. ಆ್ಯಂಟಿಬಯಾಟಿಕ್ ಮಾತ್ರೆ ಇದ್ದರೆ ನುಂಗಿ, ಇಲ್ಲದಿದ್ದರೆ ರೀಶಿ ಅಣಬೆಯ ಚಹಾ ಮಾಡಿ ಕುಡಿದು ಮಲಗಿ. ಹೊರಗೆ ಅಣಬೆ ಹುಡುಕಲು ಹೋಗುವುದಾದರೆ ಎಚ್ಚರವಿರಲಿ. ಓಡಿಹೋದ ಹಿಂಡು ಆ ಸೀಮೆ ಬಿಟ್ಟು ಹೋಗಿರುವುದಿಲ್ಲ, ನಿಮ್ಮ ಬಳಿ ಎಷ್ಟು ಫ್ಲೇರ್ ಉಳಿದಿವೆ ಎಂದು ನೀವು ಬರೆದಿಲ್ಲ.