ಪದಚರ್ಚೆ: ಅಂಬು ತಗುಲಿದ ಹಂದಿಯ ಜಾಡು ಹಿಡಿದು ಹೋಗುವುದಕ್ಕೆ ಕನ್ನಡದ ಕ್ರಿಯಾಪದ ಯಾವುದು?

ಮಾನ್ಯರೇ,

ಅಮೆರಿಕದ ಟೆಕ್ಸಸ್‌ನಲ್ಲಿ ಬಿಲ್ಲು ಹಿಡಿದು ಹಂದಿ ಬೇಟೆಯಾಡುವವರ ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಬಿಲ್ಲು, ಅಂಬು, ಅಲಗು, ಗರಿ, ಹೆದೆ, ಬತ್ತಳಿಕೆ ಎಲ್ಲಕ್ಕೂ ನಮ್ಮಲ್ಲಿ ಹಳೆಯ ಪದಗಳಿರುವುದರಿಂದ ಬರವಣಿಗೆ ಸಲೀಸಾಗಿ ಸಾಗುತ್ತದೆಂದು ತಿಳಿದಿದ್ದೆ. ಆದರೆ ಅಂಬು ತಗುಲಿದ ಮೇಲಿನ ಕೆಲಸವನ್ನು ವಿವರಿಸಬೇಕಾದಾಗ ಕೈ ನಿಂತಿತು. ಗಾಯಗೊಂಡು ಪೊದೆ ಸೇರಿದ ಪ್ರಾಣಿಯನ್ನು ಹುಡುಕಿ ತಲುಪುವ ಆ ಕೆಲಸಕ್ಕೆ ನಾನು ಮೊದಲು ಬರೆದ ಪದ ‘ಬೆನ್ನಟ್ಟು’. ಅದು ತಪ್ಪೆಂಬುದು ಈಗ ನನಗೆ ಖಚಿತವಾಗಿದೆ. ಸರಿಯಾದದ್ದನ್ನು ಕಂಡುಕೊಳ್ಳಲು ನಿಮ್ಮ ನೆರವು ಬೇಕು.

ತಪ್ಪು ಏಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಂಬಿಗೆ ಗುಂಡಿನಂತೆ ಅಪ್ಪಳಿಸಿ ಕೆಡಹುವ ಬಲವಿಲ್ಲ. ಅದರ ಅಲಗು ಒಳಗಿನ ರಕ್ತನಾಳಗಳನ್ನು ಕೊಯ್ಯುತ್ತದೆ, ರಕ್ತ ಹರಿದುಹೋಗಿ ಪ್ರಾಣಿ ಸಾಯುತ್ತದೆ. ಹಿಂದೆ ಯಾರೂ ಬರುತ್ತಿಲ್ಲವೆಂದು ಅನ್ನಿಸಿದರೆ ಹಂದಿ ಹತ್ತಿರದ ಪೊದೆಯಲ್ಲೇ ಮಲಗಿ ಅಲ್ಲಿಯೇ ಪ್ರಾಣ ಬಿಡಬಹುದು. ಅಟ್ಟಿಸಿಕೊಂಡು ಹೋದರೆ ಉಳಿದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಬಹುದೂರ ಓಡಿ, ಯಾರ ಕೈಗೂ ಸಿಗದೆ ನರಳಿ ಸಾಯುತ್ತದೆ. ಆದುದರಿಂದ ಶ್ವಾಸಕೋಶಕ್ಕೆ ತಗುಲಿದ್ದರೆ ಸುಮಾರು ಅರ್ಧ ಗಂಟೆ, ಪಿತ್ತಜನಕಾಂಗಕ್ಕಾದರೆ 3–4 ಗಂಟೆ, ಕರುಳಿಗೆ ತಗುಲಿದ್ದರೆ 6ರಿಂದ 12 ಗಂಟೆ ಕಾಯಬೇಕೆಂಬುದು ಅನುಭವಿಗಳ ರೂಢಿ. ಟೆಕ್ಸಸ್‌ನ ಸೆಕೆಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಮಾಂಸ ಕೆಡುವ ಆತಂಕವೂ ಇದೆ. ಹಾಗಿದ್ದರೂ ಕಾಯುತ್ತಾರೆ. ನೆರೆಯ ರೈತರೊಬ್ಬರ ಜೊತೆ ಒಮ್ಮೆ ಸಂಜೆ ಹೋಗಿದ್ದೆ. ಅಂಬು ಬಿಟ್ಟ ಮೇಲೆ ಅವರು ಕೂತಲ್ಲಿಂದ ಏಳಲಿಲ್ಲ, ಮಾತನಾಡಲಿಲ್ಲ, ಹಂದಿ ನುಗ್ಗಿದ ಕಡೆಗೇ ಕಿವಿಗೊಟ್ಟು ಅರ್ಧ ಗಂಟೆ ಕಳೆದರು. ಆ ಮೌನವನ್ನು ‘ಬೆನ್ನಟ್ಟಿದರು’ ಎಂದು ಬರೆಯುವುದು ಹೇಗೆ?

ಇನ್ನೊಂದು ತೊಡಕು ಪದದ ಒಳಗೇ ಇದೆ. ‘ಬೆನ್ನಟ್ಟು’, ‘ಬೆಂಬತ್ತು’ ಎರಡರಲ್ಲೂ ‘ಬೆನ್ನು’ ಇದೆ. ಎಂದರೆ ಓಡುವವನ ಬೆನ್ನು ಕಣ್ಣಿಗೆ ಕಾಣುತ್ತಿರುತ್ತದೆ. ‘ಹಿಂಬಾಲಿಸು’ ಎಂಬಲ್ಲಿಯೂ ಮುಂದೆ ಹೋಗುತ್ತಿರುವ ಒಬ್ಬರನ್ನು ನಾವು ಕಾಣುತ್ತೇವೆ. ಇಲ್ಲಿಯಾದರೋ ಪ್ರಾಣಿ ಕಾಣುವುದೇ ಇಲ್ಲ. ಕಾಣುವುದು ಹುಲ್ಲಿನ ಎಸಳಿಗೆ ಅಂಟಿದ ಒಂದು ಹನಿ, ಮಗುಚಿದ ತರಗೆಲೆ, ಕೆಸರಿನಲ್ಲಿ ಮೂಡಿದ ಗೊರಸಿನ ಗುರುತು. ಬೇಟೆಗಾರನು ಅನುಸರಿಸುವುದು ಗುರುತನ್ನು, ಪ್ರಾಣಿಯನ್ನಲ್ಲ. ಕೊನೆಯ ಹನಿ ಕಂಡಲ್ಲಿ ಬಟ್ಟೆಯ ಚೂರು ಕಟ್ಟಿ, ಮುಂದಿನ ಹನಿ ಸಿಗುವವರೆಗೆ ಅದನ್ನೇ ನೆಲೆಯಾಗಿಟ್ಟುಕೊಂಡು ಸುತ್ತ ಹುಡುಕುತ್ತಾನೆ.

ಹಂದಿಯ ವಿಷಯದಲ್ಲಿ ಇದು ಜಿಂಕೆಗಿಂತಲೂ ಕಷ್ಟ. ಅದರ ಕೊಬ್ಬು ಗಾಯದ ಬಾಯನ್ನು ಮುಚ್ಚುತ್ತದೆ, ಒರಟು ಕೂದಲು ರಕ್ತವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಮೊದಲ ಕೆಲವು ಮಾರು ನೆಲದ ಮೇಲೆ ಏನೂ ಬೀಳದಿರಬಹುದು. ಅಂಬು ಮೈಯನ್ನು ತೂರಿ ಆಚೆ ಬಂದರೆ ಎರಡು ಗಾಯಗಳಾಗಿ ಜಾಡು ಸ್ಪಷ್ಟವಾಗುತ್ತದೆ. ಈ ತೂರಿಹೋಗುವಿಕೆಗೆ ಹಳಗನ್ನಡದ ‘ಉರ್ಚು’ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಇಂದಿನ ಓದುಗರಿಗೆ ಅದು ತಿಳಿಯದೆಂಬ ಅಳುಕಿನಿಂದ ‘ತೂರು’ ಎಂದೇ ಉಳಿಸಿಕೊಂಡಿದ್ದೇನೆ. ರಕ್ತದ ಬಗೆಗಳಿಗೆ ಮಾತ್ರ ಕನ್ನಡ ನನ್ನನ್ನು ಕೈಬಿಡಲಿಲ್ಲ. ಗುಳ್ಳೆಗಳಿರುವ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಅದನ್ನು ‘ನೊರೆನೆತ್ತರು’ ಎಂದಿದ್ದೇನೆ. ಪಿತ್ತಜನಕಾಂಗದ ಕಪ್ಪುಗೆಂಪಿಗೆ ‘ಕರಿನೆತ್ತರು’. ಹಸಿರು ಲದ್ದಿ ಬೆರೆತು ನಾರುವ ಅಂಬು ಸಿಕ್ಕಿದರೆ ಏಟು ಕರುಳಿಗೆ ಬಿದ್ದಿದೆಯೆಂದು ಅರ್ಥ.

ಬಲಿತ ಗಂಡುಹಂದಿಯ ಹೆಗಲ ಮೇಲೆ ಚರ್ಮದಡಿ ಮೃದ್ವಸ್ಥಿಯಂತೆ ಗಟ್ಟಿಯಾದ ದಪ್ಪ ಪದರವೊಂದು ಬೆಳೆಯುತ್ತದೆ. ಗಂಡುಗಳ ಕಾದಾಟದಲ್ಲಿ ಎದುರಾಳಿಯ ಕೋರೆಯನ್ನು ಅದು ತಡೆಯುತ್ತದೆ, ಬಲ ಸಾಲದ ಅಂಬನ್ನೂ ತಡೆಯುತ್ತದೆ. ಟೆಕ್ಸಸ್‌ನವರ ಮಾತನ್ನು ಹಾಗೆಯೇ ತಂದರೆ ‘ಗುರಾಣಿ’ ಎನ್ನಬೇಕಾಗುತ್ತದೆ. ಗುರಾಣಿ ಕೈಯಲ್ಲಿ ಹಿಡಿಯುವ ವಸ್ತು, ಇದು ಮೈಗೆ ಅಂಟಿಕೊಂಡೇ ಇರುವುದು. ಆದ್ದರಿಂದ ‘ಹೆಗಲಕವಚ’ ಮೇಲೆಂದು ನನ್ನ ಅನಿಸಿಕೆ.

‘ಕಾಡುಹಂದಿ’ ಎಂಬ ಪದದ ಬಗ್ಗೆಯೂ ನನಗೆ ಪೂರ್ತಿ ಸಮಾಧಾನವಿಲ್ಲ. 1539ರಲ್ಲಿ ಸ್ಪೇನಿನ ಅನ್ವೇಷಕ ಡಿ ಸೋಟೊ ಫ್ಲಾರಿಡಾಕ್ಕೆ ತಂದಿಳಿಸಿದ ಹಂದಿಗಳಂತೆ, ಮನುಷ್ಯರು ಸಾಕಿ ತಂದ ಹಂದಿಗಳು ತಪ್ಪಿಸಿಕೊಂಡು, ಮುಂದೆ ಯೂರೋಪಿನ ಕಾಡುಹಂದಿಗಳೊಡನೆ ಬೆರೆತು ಬೆಳೆದ ಸಂತತಿ ಇದು. ನಮ್ಮ ಪಶ್ಚಿಮಘಟ್ಟದ ಹಂದಿಯಂತೆ ಮೂಲದಲ್ಲೇ ಕಾಡಿನದ್ದಲ್ಲ. ‘ಕಾಡುಪಾಲಾದ ಹಂದಿ’ ಎಂದು ಒಮ್ಮೆ ಹೇಳಿ, ಮುಂದೆ ‘ಹಂದಿ’ ಎಂದಷ್ಟೇ ಬರೆದಿದ್ದೇನೆ.

ಅಂಬನ್ನು ಪ್ರಯೋಗಿಸುವ ಕ್ರಿಯೆಗೆ ಹಿಂದೆ ‘ಎಸು’ ಇತ್ತು. ಕಿರಾತನೂ ಅರ್ಜುನನೂ ಒಂದೇ ಹಂದಿಯನ್ನು ‘ಎಚ್ಚರು’, ಎಂದರೆ ಬಾಣದಿಂದ ಹೊಡೆದರು. ಆ ಧಾತು ಬಳಕೆಯಿಂದ ಜಾರಿ, ಈಗ ‘ಬಾಣ ಎಸೆದನು’ ಎಂದರೆ ಕೈಯಿಂದ ಕಲ್ಲೆಸೆದ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಹಾಗಾಗಿ ‘ಬಿಡು’ ಎಂಬುದನ್ನೇ ಆರಿಸಿಕೊಂಡೆ. ಇದು ಬೇಟೆಗೆ ಹೊಸ ಪದವೇನಲ್ಲ: ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನದಲ್ಲಿ ಮಣಲೆರನೆಂಬ ಯೋಧನ ನಾಯಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ‘ಬಿಟ್ಟ’ ಸಂಗತಿಯಿದೆ, ನಾಯಿಯೂ ಹಂದಿಯೂ ಅಲ್ಲಿ ಒಟ್ಟಿಗೇ ಸತ್ತವು.

ಇನ್ನು ನನ್ನ ಮುಖ್ಯ ಪ್ರಶ್ನೆ. ಸದ್ಯಕ್ಕೆ ನಾಮಪದವಾಗಿ ‘ನೆತ್ತರ ಜಾಡು’, ಕ್ರಿಯಾಪದವಾಗಿ ‘ಜಾಡರಸು’ ಎಂದು ಇಟ್ಟುಕೊಂಡಿದ್ದೇನೆ. ‘ಜಾಡು ಹಿಡಿ’ ಎನ್ನಬಹುದಿತ್ತು. ಆದರೆ ‘ಆರೋಪಿಯ ಜಾಡು ಹಿಡಿದ ಪೊಲೀಸರು’ ಎಂದು ಪತ್ರಿಕೆಗಳಲ್ಲಿ ಓದಿ ಓದಿ ಆ ಮಾತಿನಲ್ಲಿದ್ದ ಮಣ್ಣಿನ ವಾಸನೆ ಹೋಗಿದೆ. ಮೇಲಾಗಿ ‘ಹಿಡಿ’ ಎಂಬುದರಲ್ಲಿ ಜಾಡು ಸಿಕ್ಕೇ ಸಿಕ್ಕಿತೆಂಬ ಭರವಸೆಯಿದೆ, ‘ಅರಸು’ ಎಂಬುದರಲ್ಲಿ ಸಿಗದೆಯೂ ಹೋಗಬಹುದೆಂಬ ತಾಳ್ಮೆಯಿದೆ. ‘ಕೈವಿಡಿ’ಯ ಮಾದರಿಯಲ್ಲಿ ‘ಹೆಜ್ಜೆವಿಡಿ’ ಎಂಬುದನ್ನೂ ಯೋಚಿಸಿದೆ. ಹಂದಿಗೆ ಹೆಜ್ಜೆಗಿಂತ ರಕ್ತವೇ ಮುಖ್ಯ ಸುಳಿವಾದ್ದರಿಂದ ಅದನ್ನು ಬಿಟ್ಟೆ.

ನಾನು ಹುಟ್ಟಿಸಿದ ಪದಕ್ಕಿಂತ ಕಾಡಿನಂಚಿನಲ್ಲಿ ಬದುಕಿದವರ ಬಾಯಲ್ಲಿದ್ದ ಪದ ಸಿಕ್ಕಿದರೆ ಅದೇ ಉತ್ತಮ. ಟೆಕ್ಸಸ್‌ನಲ್ಲಿ ಈ ಹಂದಿಗಳು ಬೆಳೆ ಹಾಳುಮಾಡುವುದರಿಂದ, 2019ರ ಸೆಪ್ಟೆಂಬರಿನಿಂದೀಚೆಗೆ ಜಮೀನಿನ ಒಡೆಯರು ಒಪ್ಪಿದರೆ ಅಲ್ಲಿ ಅವುಗಳ ಬೇಟೆಗೆ ಪರವಾನಗಿಯೂ ಬೇಕಿಲ್ಲ; ಬೇಟೆಯ ಮಾತು ದಿನನಿತ್ಯದ ಮಾತಾಗಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಆ ಕೆಲಸ ಅಪರಾಧವಾಯಿತು. ಅದು ಆಗಬೇಕಾದದ್ದೇ ಎಂದು ನಾನು ನಂಬುತ್ತೇನೆ. ಆದರೆ ಕೆಲಸದ ಜೊತೆಗೆ ಅದರ ಮಾತುಗಳನ್ನೂ ಹಿರಿಯರು ಬಾಯಿಗೆ ತಾರದಂತಾಗಿದ್ದಾರೆ, ಆ ನಷ್ಟ ನನ್ನನ್ನು ಕಾಡುತ್ತದೆ. ಹಳು (ದಟ್ಟ ಪೊದೆಗಾಡು), ಸೋಹು (ಪ್ರಾಣಿಗಳನ್ನು ಎಬ್ಬಿಸಿ ಅಟ್ಟುವುದು) ಮುಂತಾದ ಮಲೆನಾಡಿನ ಬೇಟೆಯ ಪದಗಳನ್ನು ಬಲ್ಲವರು ನಮ್ಮಲ್ಲಿದ್ದಾರೆ. ಏಟು ತಿಂದು ಹಳುವಿನೊಳಗೆ ಹೊಕ್ಕ ಹಂದಿಯನ್ನು ಮರುದಿನ ಬೆಳಿಗ್ಗೆ ಹುಡುಕಿಕೊಂಡು ಹೋಗುವುದಕ್ಕೆ ನಿಮ್ಮ ಸೀಮೆಯ ಅಜ್ಜಂದಿರು ಏನೆನ್ನುತ್ತಿದ್ದರು? ಮಲೆನಾಡು, ಕರಾವಳಿ, ಕೊಡಗಿನ ಗಡಿ, ಬಯಲುಸೀಮೆ ಯಾವ ಕಡೆಯ ಮಾತಾದರೂ ಸರಿ, ಯಾವ ಊರಿನದೆಂಬುದನ್ನೂ ಸೇರಿಸಿ ತಿಳಿಸಬೇಕೆಂದು ಕೋರುತ್ತೇನೆ.